ಹೆಂಡ್ರಿಕ್ ಡೆ ಕೈಸರ್ ಕಟ್ಟಿದ ಚರ್ಚುಗಳು: ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲು ಯಾವುದನ್ನು ನೋಡಲಿ?

ಟೀಚರ್_ಧಾರವಾಡ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಿಯಾಗಿದ್ದೇನೆ. ಮಗ, ಸೊಸೆ ನೆದರ್ಲೆಂಡ್ಸ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೀನ್‌ನಲ್ಲಿದ್ದಾರೆ. ಮೇ ತಿಂಗಳಲ್ಲಿ ಅವರ ಹತ್ತಿರ ಹೋಗುತ್ತಿದ್ದೇನೆ. ಹೂವಿನ ತೋಟ, ಗಾಳಿಗಿರಣಿ ಎಲ್ಲ ಮಗ ತೋರಿಸುತ್ತಾನೆ. ನನಗೆ ನೋಡಬೇಕಾಗಿರುವುದು ಹೆಂಡ್ರಿಕ್ ಡೆ ಕೈಸರ್ ಕಟ್ಟಿದ ಚರ್ಚುಗಳು.

ಶಾಲೆಯಲ್ಲಿ ಯುರೋಪಿನ ಮತಸುಧಾರಣೆಯ ಪಾಠ ಬಂದಾಗ ಲೂಥರ್, ಕ್ಯಾಲ್ವಿನ್, ಇಸವಿಗಳು, ಕಾರಣಗಳು, ಪರಿಣಾಮಗಳು ಎಲ್ಲ ಹೇಳುತ್ತಿದ್ದೆವು. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು, "ಟೀಚರ್, ಪೂಜೆಯ ರೀತಿ ಬದಲಾದ ಮೇಲೆ ಗುಡಿನೂ ಬದಲಾಗಬೇಕಲ್ಲ, ಹೇಗೆ ಬದಲಾಯ್ತು?" ಒಳ್ಳೆಯ ಪ್ರಶ್ನೆ ಅಲ್ವಾ? ಪುಸ್ತಕದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ಆಮೇಲೆ ಹುಡುಕುತ್ತಾ ಹೋದಾಗ ಈ ಡೆ ಕೈಸರ್ ಹೆಸರು ಸಿಕ್ಕಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಾಟೆಸ್ಟಂಟರಿಗೆ ಅಂತಲೇ ಮೊದಲ ಚರ್ಚು ಕಟ್ಟಿದವನು ಇವನು ಅಂತ ಓದಿದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಈತ ನಿಜವಾಗಿ ಯಾರು? ಕೆಲವು ಕಡೆ ಶಿಲ್ಪಿ ಅಂತಾರೆ, ಕೆಲವು ಕಡೆ ವಾಸ್ತುಶಿಲ್ಪಿ ಅಂತಾರೆ. ಚರ್ಚಿನೊಳಗೆ ಹೋದ ಮೇಲೆ ಏನನ್ನು ಗಮನಿಸಬೇಕು? ಮತ್ತೆ, ನನಗೆ ಮೊಣಕಾಲು ನೋವಿದೆ, ಗೋಪುರ ಹತ್ತಲು ಆಗುವುದಿಲ್ಲ. ಜಾಸ್ತಿ ನಡೆಯದೆ ನೋಡುವ ದಾರಿ ಹೇಳಿದರೆ ಉಪಕಾರ.

ಕಾರ್ಕಳದ_ಉಳಿ ಬರೆದದ್ದು

ಮೇಡಂ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಾನು ಇರುವುದು ಹಾರ್ಲೆಮ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್‌ಗೆ ಪಕ್ಕದ ಊರು. ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ. ಆದರೆ ನಮ್ಮದು ಕಾರ್ಕಳದಲ್ಲಿ ಕಲ್ಲು ಕೆತ್ತುವ ಮನೆತನ. ಅಪ್ಪ, ದೊಡ್ಡಪ್ಪ ಇಬ್ಬರೂ ಕೃಷ್ಣಶಿಲೆಯಲ್ಲಿ ಮೂರ್ತಿ ಮಾಡುವವರು. ಹಾಗಾಗಿ ಯಾವ ಕಟ್ಟಡಕ್ಕೆ ಹೋದರೂ ನನ್ನ ಕಣ್ಣು ಮೊದಲು ಕಲ್ಲಿನ ಸಂದಿಗೆ ಹೋಗುತ್ತದೆ. ಡೆ ಕೈಸರ್ ನನಗೆ ಇಷ್ಟವಾಗುವುದು ಅದೇ ಕಾರಣಕ್ಕೆ. ಅವನು ಮೊದಲು ಕಲ್ಲು ಕೆತ್ತುವವನು, ಉಳಿದದ್ದೆಲ್ಲ ಆಮೇಲೆ.

ಅವನು ಹುಟ್ಟಿದ್ದು 1565ರಲ್ಲಿ, ಉಟ್ರೆಕ್ಟ್‌ನಲ್ಲಿ. ಅದರ ಮರುವರ್ಷವೇ, 1566ರಲ್ಲಿ, ಈ ಸೀಮೆಯಲ್ಲೆಲ್ಲ ವಿಗ್ರಹಭಂಜನೆ ನಡೆಯಿತು. ಜನ ಗುಂಪುಗುಂಪಾಗಿ ಚರ್ಚುಗಳಿಗೆ ನುಗ್ಗಿ ಸಂತರ ಮೂರ್ತಿ, ಬಲಿಪೀಠ (ಪಾದ್ರಿ ಪೂಜೆ ನಡೆಸುವ ಮೇಜಿನಂಥ ಪೀಠ), ಚಿತ್ರಗಳನ್ನು ಒಡೆದರು. ಉಟ್ರೆಕ್ಟ್‌ನ ಡೋಮ್ ಚರ್ಚಿನಲ್ಲಿ ಆ ಶತಮಾನದಲ್ಲಿ ಮುಖಗಳನ್ನೇ ಕೊಚ್ಚಿ ತೆಗೆದ ಒಂದು ಕಲ್ಲಿನ ಫಲಕ ಇಂದಿಗೂ ಇದೆ. ಮೈ, ಬಟ್ಟೆ, ಕೈ ಎಲ್ಲ ಉಳಿದಿವೆ, ಮುಖ ಮಾತ್ರ ಇಲ್ಲ. ಅಂಥ ಊರಿನಲ್ಲಿ ಬೆಳೆದ ಹುಡುಗ ಶಿಲ್ಪಿಯಾಗಬೇಕು ಅಂತ ಹೊರಟ. ಇದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಶಿಲ್ಪಿಗೆ ಆವರೆಗೆ ಕೆಲಸ ಕೊಡುತ್ತಿದ್ದದ್ದೇ ಚರ್ಚು. ಅದು ಇನ್ನು ಮೂರ್ತಿ ಬೇಡ ಅಂದುಬಿಟ್ಟರೆ ಕೈ ಕಸುಬಿನವನು ಎಲ್ಲಿಗೆ ಹೋಗಬೇಕು?

ಅವನು ಕಾರ್ನೆಲಿಸ್ ಬ್ಲೂಮಾರ್ಟ್ ಎಂಬವನ ಹತ್ತಿರ ಕೆಲಸ ಕಲಿತ. ಬ್ಲೂಮಾರ್ಟ್‌ಗೆ ಆಮ್‌ಸ್ಟರ್‌ಡ್ಯಾಮ್ ನಗರದ ಕೆಲಸ ಸಿಕ್ಕಾಗ, 1591ರಲ್ಲಿ, ಶಿಷ್ಯನೂ ಅವನ ಜೊತೆ ಬಂದ. ಅದೇ ವರ್ಷ ಆಂಟ್‌ವರ್ಪ್ ಮೂಲದ ಹೆಣ್ಣನ್ನು ಮದುವೆಯಾದ. 1585ರಲ್ಲಿ ಆಂಟ್‌ವರ್ಪ್ ಸ್ಪೇನಿನವರ ಕೈಸೇರಿದ ಮೇಲೆ ಅಲ್ಲಿನ ವ್ಯಾಪಾರಿಗಳು, ಕುಶಲಕರ್ಮಿಗಳು ಸಾವಿರಗಟ್ಟಲೆ ಉತ್ತರಕ್ಕೆ ಓಡಿ ಬಂದಿದ್ದರು. ಆಮ್‌ಸ್ಟರ್‌ಡ್ಯಾಮ್ ಬೆಳೆದದ್ದು ಹಾಗೆ. 1622ರ ಹೊತ್ತಿಗೆ ಅಲ್ಲಿ ಲಕ್ಷಕ್ಕೂ ಹೆಚ್ಚು ಜನ.

1595ರಲ್ಲಿ ನಗರಸಭೆ ಅವನನ್ನು ನಗರದ ಕಲ್ಲುಕುಟಿಗ ಮತ್ತು ಶಿಲ್ಪಿಯಾಗಿ ನೇಮಿಸಿತು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಮೇಡಂ. ಅವನಿಗೆ ವಾಸ್ತುಶಿಲ್ಪಿ ಎಂಬ ಹುದ್ದೆ ಯಾರೂ ಕೊಡಲಿಲ್ಲ. ನಗರದ ಕಟ್ಟಡದ ಕೆಲಸ ಹಲವರ ಕೈಯಲ್ಲಿತ್ತು. ಕಲ್ಲಿನ ಕೆಲಸ ಡೆ ಕೈಸರ್‌ದು. ಇಟ್ಟಿಗೆ ಗಾರೆ ಕಾರ್ನೆಲಿಸ್ ಡಾಂಕರ್ಟ್ಸ್‌ದು. ಮರಗೆಲಸ ಹೆಂಡ್ರಿಕ್ ಸ್ಟಾಟ್ಸ್‌ದು. ಈ ಮೂವರು ಸೇರಿ ಒಂದು ಊರನ್ನೇ ಕಟ್ಟಿದರು. ಈಗ ಬೋರ್ಡಿನ ಮೇಲೆ ಡೆ ಕೈಸರ್ ಹೆಸರು ಮಾತ್ರ ಕಾಣುತ್ತದೆ. ಉಳಿದಿಬ್ಬರ ಹೆಸರನ್ನೂ ನೀವು ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಿ ಅಂತ ನನ್ನ ಕೋರಿಕೆ.

ಈಗ ಚರ್ಚುಗಳಿಗೆ ಬರೋಣ. 1578ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಆಡಳಿತ ಕ್ಯಾಥೊಲಿಕರಿಂದ ಪ್ರಾಟೆಸ್ಟಂಟರ ಕೈಗೆ ಬಂತು. ಹಳೆಯ ಚರ್ಚುಗಳನ್ನೇ ಖಾಲಿ ಮಾಡಿ, ಬಲಿಪೀಠ ತೆಗೆದು, ಪ್ರಾರ್ಥನೆ ನಡೆಸಿದರು. ಇಪ್ಪತ್ತೈದು ವರ್ಷ ಹಾಗೇ ಸಾಗಿತು. ಊರಿಗೆ ಜನ ಬಂದು ತುಂಬಿದಾಗ ಹೊಸದು ಬೇಕಾಯಿತು. 1603ರಲ್ಲಿ ಜೌಡರ್‌ಕೆರ್ಕ್, ಅಂದರೆ ದಕ್ಷಿಣದ ಚರ್ಚು, ಶುರುವಾಯಿತು. 1611ರಲ್ಲಿ ಮೊದಲ ಪ್ರಾರ್ಥನೆ. ಗೋಪುರ ಮುಗಿದದ್ದು 1614ರಲ್ಲಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಾಟೆಸ್ಟಂಟರಿಗಾಗಿಯೇ ಮೊದಲಿನಿಂದ ಕಟ್ಟಿದ ಮೊದಲನೆಯ ಚರ್ಚು ಇದು.

ಇದರ ನಕ್ಷೆ ಇನ್ನೂ ಹಳೆಯ ಚರ್ಚಿನ ಹಾಗೇ ಇದೆ. ಉದ್ದನೆಯ ಹಜಾರ, ಎರಡೂ ಕಡೆ ಕಂಬದ ಸಾಲು, ಅದರಾಚೆ ಅಂಕಣ. ಆದರೆ ಕೊನೆಯಲ್ಲಿ ಗರ್ಭಗುಡಿಯಂಥ ಜಾಗ ಇಲ್ಲ. ಕಣ್ಣು ಪೂರ್ವದ ಗೋಡೆಯವರೆಗೆ ಹೋಗಿ ಸುಮ್ನೆ ವಾಪಸ್ ಬರುತ್ತದೆ, ಯಾಕೆಂದರೆ ಅಲ್ಲಿ ನೋಡುವಂಥದ್ದು ಏನನ್ನೂ ಇಟ್ಟಿಲ್ಲ. ಹೊಸ ಪೂಜೆಗೆ ಹೊಸ ಆಕಾರ ಇನ್ನೂ ಸಿಕ್ಕಿಲ್ಲ, ಹಳೆಯದರಲ್ಲೇ ಹುಡುಕುತ್ತಿದ್ದಾರೆ ಅನ್ನಿಸುತ್ತದೆ.

1620ರಲ್ಲಿ ಎರಡು ಚರ್ಚು ಒಟ್ಟಿಗೆ ಶುರುವಾದವು. ಪಶ್ಚಿಮದಲ್ಲಿ ವೆಸ್ಟರ್‌ಕೆರ್ಕ್, ಉತ್ತರದಲ್ಲಿ ನೋರ್ಡರ್‌ಕೆರ್ಕ್. ಕಾಲುವೆಗಳನ್ನು ತೋಡಿ ಊರನ್ನು ಪಶ್ಚಿಮಕ್ಕೆ ಹಿಗ್ಗಿಸಿದ್ದರಲ್ಲ, ಅಲ್ಲಿಗೆ ಬಂದು ಸೇರಿದ ಜನರಿಗಾಗಿ. ಶ್ರೀಮಂತರ ಕಾಲುವೆಗಳ ಪಕ್ಕದ ದೊಡ್ಡ ಚರ್ಚು ವೆಸ್ಟರ್‌ಕೆರ್ಕ್. ಯೋರ್ಡಾನ್ ಎಂಬ ಕೆಲಸಗಾರರ ಕೇರಿಗೆ ನೋರ್ಡರ್‌ಕೆರ್ಕ್. 1621ರಲ್ಲಿ ಡೆ ಕೈಸರ್ ತೀರಿಕೊಂಡ. ಎರಡರ ಗೋಡೆಯೂ ಇನ್ನೂ ಏಳುತ್ತಿದ್ದ ಸಮಯ. ನೋರ್ಡರ್‌ಕೆರ್ಕ್ 1623ರಲ್ಲಿ ಮುಗಿಯಿತು. ವೆಸ್ಟರ್‌ಕೆರ್ಕ್‌ನಲ್ಲಿ ಮೊದಲ ಪ್ರಾರ್ಥನೆ 1631ರಲ್ಲಿ, ಗೋಪುರ 1638ರಲ್ಲಿ. ಅಪ್ಪನ ಹುದ್ದೆಗೆ ಬಂದ ಮಗ ಪೀಟರ್ ಕೆಲಸ ಮುಂದುವರಿಸಿದ.

ನನ್ನನ್ನು ಕೇಳಿದರೆ ನೀವು ಮೊದಲು ನೋಡಬೇಕಾದದ್ದು ನೋರ್ಡರ್‌ಕೆರ್ಕ್. ಪ್ರವಾಸಿಗಳು ವೆಸ್ಟರ್‌ಕೆರ್ಕ್‌ಗೆ ಹೋಗುತ್ತಾರೆ. ಚಿತ್ರಕಾರ ರೆಂಬ್ರಾಂಟ್‌ನನ್ನು 1669ರಲ್ಲಿ ಹೂತದ್ದು ಅಲ್ಲಿ, ಆನ್ ಫ್ರಾಂಕ್ ಅಡಗಿದ್ದ ಮನೆ ಅದರ ಪಕ್ಕದಲ್ಲಿ. ಅದೂ ನೋಡಲೇಬೇಕು. ಆದರೆ ನಿಮ್ಮ ಒಂಬತ್ತನೇ ತರಗತಿಯ ಹುಡುಗಿಗೆ ಉತ್ತರ ಇರುವುದು ನೋರ್ಡರ್‌ಕೆರ್ಕ್‌ನಲ್ಲಿ. ಅದರ ನಕ್ಷೆ ನಾಲ್ಕೂ ತೋಳು ಸಮನಾಗಿರುವ ಶಿಲುಬೆ. ಉದ್ದ ಹಜಾರ ಇಲ್ಲ, ಮುಂದೆ ಹಿಂದೆ ಇಲ್ಲ. ಬೋಧಕನ ಪೀಠ ನಡುವಿನ ಒಂದು ಕಂಬಕ್ಕೆ ಒರಗಿದೆ. ಬೆಂಚುಗಳು ಅದರ ಸುತ್ತ ತಿರುಗಿ ನಿಂತಿವೆ. ಎಲ್ಲಿ ಕೂತರೂ ಮಾತು ಕೇಳಿಸುತ್ತದೆ. ಮಾತು ಕೇಳಿಸುವುದಕ್ಕಾಗಿಯೇ ಕಟ್ಟಿದ ಕೋಣೆ ಅದು. ಅಲ್ಲಿ ಕೂತರೆ ಗುಡಿ ಹೇಗೆ ಬದಲಾಯ್ತು ಅಂತ ಯಾರೂ ವಿವರಿಸಬೇಕಿಲ್ಲ.

ಮಂಗಳೂರು_ಕ್ವಾಯರ್ ಬರೆದದ್ದು

ಟೀಚರ್, ನಾನು ಸಿಎಸ್‌ಐ ಎಂಬ ಪ್ರಾಟೆಸ್ಟಂಟ್ ಸಭೆಯವಳು. ನಮ್ಮ ಮನೆಯವರು ಬಾಸೆಲ್ ಮಿಶನ್ ಕಾಲದಿಂದ ಇರುವವರು. ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಸ್ವಿಸ್, ಜರ್ಮನ್ ಕಡೆಯವರು, ಡಚ್ಚರಲ್ಲ. ಆದರೂ ದೇವರ ವಾಕ್ಯ ಕೇಳುವುದು ಮುಖ್ಯ, ಮೂರ್ತಿ ಬೇಡ ಎಂಬುದು ನಾನು ಚಿಕ್ಕಂದಿನಿಂದ ನೋಡಿದ್ದೇ. ಅಕ್ಕನ ಮನೆ ಹೇಗ್‌ನಲ್ಲಿದೆ. ಅವಳ ಜೊತೆ ವೆಸ್ಟರ್‌ಕೆರ್ಕ್‌ನ ಭಾನುವಾರದ ಪ್ರಾರ್ಥನೆಗೆ ಹೋಗಿದ್ದೆ. ಭಾಷೆ ಅರ್ಥವಾಗಲಿಲ್ಲ, ಆದರೆ ಈಗ ಏನು ನಡೆಯುತ್ತಿದೆ, ಮುಂದೆ ಏನು ಬರುತ್ತದೆ ಅಂತ ಪೂರ್ತಿ ತಿಳಿಯುತ್ತಿತ್ತು.

ನಾನು ಹೇಳಬೇಕಾದದ್ದು ಸಂಗೀತದ ಬಗ್ಗೆ. ಈಗ ವೆಸ್ಟರ್‌ಕೆರ್ಕ್‌ನಲ್ಲಿ ಭಾರೀ ಆರ್ಗನ್ ಇದೆ. ಅದನ್ನು ನೋಡಿ ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. ಡೆ ಕೈಸರ್ ನಕ್ಷೆ ಬರೆದಾಗ ಅಲ್ಲಿ ಆರ್ಗನ್‌ಗೆ ಜಾಗವೇ ಇರಲಿಲ್ಲ. ಕ್ಯಾಲ್ವಿನ್ ದಾರಿಯವರಿಗೆ ಪ್ರಾರ್ಥನೆಯಲ್ಲಿ ವಾದ್ಯ ಬೇಡವಾಗಿತ್ತು. ಒಬ್ಬ ಮುಂದಾಳು ಕೀರ್ತನೆಯ ಸಾಲು ಎತ್ತಿ ಹಾಡುತ್ತಿದ್ದ, ಸಭೆಯೆಲ್ಲ ಅವನ ಹಿಂದೆ ಹಾಡುತ್ತಿತ್ತು. ಆರ್ಗನ್ ಬಂದದ್ದು 1680ರ ದಶಕದಲ್ಲಿ, ಚರ್ಚು ತೆರೆದು ಐವತ್ತು ವರ್ಷವಾದ ಮೇಲೆ. ಅದರ ಬಾಗಿಲುಗಳ ಮೇಲಿನ ಚಿತ್ರ ಗೆರಾರ್ಡ್ ಡೆ ಲೆರೆಸ್ಸೆ ಬರೆದದ್ದು. ಚಿತ್ರ ಬೇಡವೆಂದು ಕಟ್ಟಿದ ಚರ್ಚಿನೊಳಗೆ ಚಿತ್ರ ಕಾಲಿಟ್ಟದ್ದು ಹಾಡಿನ ಜೊತೆಗೆ. ಹಾಡುವವಳಾದ ನನಗೆ ಇದು ಬಹಳ ಮನಸ್ಸಿಗೆ ಹತ್ತಿತು.

ಪೀಠದ ಮೇಲೆ ಛತ್ರಿಯ ಹಾಗೆ ಒಂದು ಮರದ ಹಲಗೆ ಇರುತ್ತದೆ, ಗಮನಿಸಿ. ಅದು ಅಲಂಕಾರಕ್ಕಲ್ಲ. ಬೋಧಕನ ದನಿ ಮೇಲಿನ ಕಮಾನಿಗೆ ಹೋಗಿ ಕಳೆದುಹೋಗದೆ ಜನರ ಕಡೆ ತಿರುಗಲಿ ಅಂತ. ಮೈಕ್ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಕಟ್ಟಡದಲ್ಲಿ ಗಂಟೆಗಟ್ಟಲೆ ಬೋಧನೆ ನಡೆಯುತ್ತಿತ್ತಲ್ಲ!

ಡೆಲ್ಫ್ಟ್_ಕಟ್ಟೆ ಬರೆದದ್ದು

ನಮಸ್ಕಾರ ಮೇಡಂ. ನಾನು ಡೆಲ್ಫ್ಟ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ, ಊರು ದಾವಣಗೆರೆ. ಕಾರ್ಕಳದ ಅಣ್ಣ ಬರೆದದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಎರಡು ಕಡೆ ನನ್ನ ಅಭಿಪ್ರಾಯ ಬೇರೆ.

ಒಂದು, ಒಳಗಿನ ಬಿಳಿ ಗೋಡೆ. ಈಗ ಹೋದವರಿಗೆ ಎಲ್ಲ ಖಾಲಿ, ಎಲ್ಲ ಬಿಳಿ, ಇದೇ ಪ್ರಾಟೆಸ್ಟಂಟ್ ರೀತಿ ಅನ್ನಿಸುತ್ತದೆ. 17ನೇ ಶತಮಾನದಲ್ಲಿ ಹಾಗೆ ಇರಲಿಲ್ಲ. ಜೌಡರ್‌ಕೆರ್ಕ್‌ನ ಕಿಟಕಿಗಳಲ್ಲಿ ಮೊದಲು ಬಣ್ಣದ ಗಾಜಿತ್ತು. ಅದನ್ನು ತೆಗೆದು ಬಿಳಿ ಗಾಜು ಹಾಕಿದ್ದು 1658ರಲ್ಲಿ. ನೆಲದ ತುಂಬ ಗೋರಿಕಲ್ಲುಗಳು. ಗೋಡೆ, ಕಂಬಗಳ ಮೇಲೆ ಸತ್ತವರ ಮನೆತನದ ಲಾಂಛನ ಬರೆದ ಕಪ್ಪು ಹಲಗೆಗಳು. ಈ ದೇಶದಲ್ಲಿ 1795ರಲ್ಲಿ ಆದ ಕ್ರಾಂತಿಯ ನಂತರ ಎಲ್ಲರೂ ಸಮಾನರು, ಮನೆತನದ ಗುರುತು ಬೇಡ ಎಂದು ಆ ಹಲಗೆಗಳನ್ನು ಇಳಿಸಿದರು. ಇಮ್ಯಾನುಯೆಲ್ ಡೆ ವಿಟ್ಟೆ ಎಂಬ ಚಿತ್ರಕಾರ ಆ ಕಾಲದ ಚರ್ಚುಗಳ ಒಳಭಾಗವನ್ನೇ ಬರೆಯುತ್ತಿದ್ದ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂಗೆ ಹೋದರೆ ಅವನ ಚಿತ್ರ ಹುಡುಕಿ ನೋಡಿ. ಬೋಧನೆ ನಡೆಯುತ್ತಿರುತ್ತದೆ, ನಾಯಿಗಳು ಓಡಾಡುತ್ತಿರುತ್ತವೆ, ಒಂದು ಮೂಲೆಯಲ್ಲಿ ನೆಲ ಅಗೆದು ಗೋರಿ ತೆರೆದಿರುತ್ತಾರೆ. ಚರ್ಚು ಅಂದರೆ ಊರಿನ ಚಾವಡಿಯೇ ಆಗಿತ್ತು.

ಎರಡು, ನಕ್ಷೆ. ಜೌಡರ್‌ಕೆರ್ಕ್ ಹಳೆಯ ರೀತಿ, ನೋರ್ಡರ್‌ಕೆರ್ಕ್ ಹೊಸ ರೀತಿ ಎಂದು ಅಣ್ಣ ಹೇಳಿದ್ದಾರೆ. ನಡುವೆ ವೆಸ್ಟರ್‌ಕೆರ್ಕ್ ಬಿಟ್ಟುಹೋಯಿತು. ನೋರ್ಡರ್‌ಕೆರ್ಕ್ ಜೊತೆಗೇ ಶುರುವಾದ ಅದು ಎರಡನ್ನೂ ಸೇರಿಸುವ ಪ್ರಯತ್ನ. ಎರಡು ಸಮತೋಳಿನ ಶಿಲುಬೆಗಳನ್ನು ಪಕ್ಕಪಕ್ಕ ಜೋಡಿಸಿದ ಹಾಗೆ ಅದರ ನಕ್ಷೆ. ಉದ್ದ ಸುಮಾರು 58 ಮೀಟರ್, ಅಗಲ 29. ಉದ್ದಕ್ಕೆ ಉದ್ದವೂ ಇದೆ, ನಡುವೆ ಪೀಠದ ಸುತ್ತ ಜನ ಸೇರುವ ಜಾಗವೂ ಇದೆ. ನಕ್ಷೆಯ ಲೆಕ್ಕದಲ್ಲಿ ನನಗೆ ಅದೇ ಮೇಲು. ಆದರೆ ಬೇರೆ ಊರಿನವರು ಮೆಚ್ಚಿ ಅನುಸರಿಸಿದ್ದು ನೋರ್ಡರ್‌ಕೆರ್ಕನ್ನು. ಜರ್ಮನಿಯ ಎಂಡೆನ್‌ನಲ್ಲಿ 1640ರ ದಶಕದಲ್ಲಿ ಕಟ್ಟಿದ ಹೊಸ ಚರ್ಚು, ಈ ದೇಶದ್ದೇ ಊರಾದ ಖ್ರೋನಿಂಗನ್‌ನಲ್ಲಿ 1660ರ ದಶಕದಲ್ಲಿ ಕಟ್ಟಿದ್ದು, ಎರಡಕ್ಕೂ ಅದೇ ಮಾದರಿ.

ಕಾರ್ಕಳದ_ಉಳಿ ಬರೆದದ್ದು

ದಾವಣಗೆರೆ ತಮ್ಮ, ಗೋಡೆಯ ಬಗ್ಗೆ ನೀನು ಬರೆದದ್ದು ತುಂಬಾ ಮುಖ್ಯ. ಬಣ್ಣದ ಗಾಜಿನ ವಿಷಯ ಇಲ್ಲಿ ಬಂದದ್ದು ಒಳ್ಳೆಯದಾಯಿತು. ವೆಸ್ಟರ್‌ಕೆರ್ಕ್ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಕಾಗದದ ಮೇಲೆ ಅದು ಜಾಣತನದ ನಕ್ಷೆ, ಹೌದು. ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ನೋಡು, ಪೀಠ ದೂರವೇ ಉಳಿಯುತ್ತದೆ. ನೋರ್ಡರ್‌ಕೆರ್ಕ್‌ನಲ್ಲಿ ಕೊನೆಯ ಬೆಂಚೂ ಹತ್ತಿರವೇ. ಬಡವರ ಕೇರಿಗೆ ಕಟ್ಟಿದ ಚರ್ಚಿನಲ್ಲಿ ಅವನು ಹೆಚ್ಚು ಧೈರ್ಯ ಮಾಡಿದ ಅಂತ ನನ್ನ ನಂಬಿಕೆ.

ಕಲ್ಲಿನ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಮೇಡಂ. ಅದಿಲ್ಲದೆ ನನಗೆ ಸಮಾಧಾನವಿಲ್ಲ.

ಈ ದೇಶದಲ್ಲಿ ತೆಂಕಣ ಮೂಲೆ ಬಿಟ್ಟರೆ ಕಟ್ಟಡದ ಕಲ್ಲೇ ಸಿಗುವುದಿಲ್ಲ. ಕೆಳಗೆ ಕೆಸರು, ಮರಳು, ನೀರು. ಕಲ್ಲೆಲ್ಲ ಹೊರಗಿನಿಂದ ದೋಣಿಯಲ್ಲಿ ಬರಬೇಕು. ಜರ್ಮನಿಯ ಬೆಂಟ್‌ಹೈಮ್ ಕಡೆಯ ಮರಳುಗಲ್ಲು ಆ ಕಾಲದ ಡಚ್ ಕಟ್ಟಡಗಳಲ್ಲಿ ಜಾಸ್ತಿ. ಹಾಗಾಗಿ ಗೋಡೆಯೆಲ್ಲ ಇಟ್ಟಿಗೆ. ಕಲ್ಲು ಬೇಕೇಬೇಕಾದ ಕಡೆ ಮಾತ್ರ: ಮೂಲೆ, ಬಾಗಿಲು, ಕಿಟಕಿಯ ಚೌಕಟ್ಟು, ಕಾರ್ನಿಸ್ (ಗೋಡೆಯ ಮೇಲಂಚಿನಲ್ಲಿ ಹೊರಚಾಚಿದ ಪಟ್ಟಿ). ಕೆಂಪು ಇಟ್ಟಿಗೆಯ ನಡುವೆ ಬಿಳಿ ಕಲ್ಲಿನ ಪಟ್ಟಿ ಕಾಣುತ್ತದಲ್ಲ, ಊರಿನ ತುಂಬ ಈಗಲೂ ಕಾಣುವ ಆ ಚೆಂದಕ್ಕೆ ಮೂಲ ಈ ಕೊರತೆಯೇ. ನಮ್ಮ ಕಾರ್ಕಳದಲ್ಲಿ ಬಂಡೆಯ ಮೇಲೆಯೇ ನಿಂತು ಬಂಡೆಯನ್ನು ಕೆತ್ತುತ್ತಾರೆ. ಇಲ್ಲಿ ಒಂದೊಂದು ತುಂಡಿಗೂ ಲೆಕ್ಕ. ಆ ಲೆಕ್ಕದ ಕೈಯನ್ನು ಅವನ ಬಾಗಿಲುಗಳಲ್ಲಿ ನೋಡಬಹುದು.

ನೆಲ ಮೆದು ಆದ್ದರಿಂದ ಭಾರವೂ ಹೆಚ್ಚಾಗಬಾರದು. ಕಟ್ಟಡದ ಕೆಳಗೆ ಮರದ ಕಂಬಗಳನ್ನು ಹೊಡೆದಿದ್ದಾರೆ. ಒಳಗಿನ ಕಮಾನುಗಳು ಕಲ್ಲಲ್ಲ, ಮರ. ಗೋಪುರವನ್ನೂ ಹೊರಗಿನಿಂದ ಗಮನಿಸಿ, ಹತ್ತಬೇಕಾಗಿಲ್ಲ. ಬುಡ ಇಟ್ಟಿಗೆ. ಅದರ ಮೇಲೆ ಮರಳುಗಲ್ಲು. ತುದಿ ಪೂರ್ತಿ ಮರ, ಮೇಲೆ ಸೀಸದ ತಗಡಿನ ಹೊದಿಕೆ. ಮೇಲೆ ಹೋದಂತೆ ಹಗುರ. ಗಾರೆಯವನು, ಕಲ್ಲಿನವನು, ಬಡಗಿ ಮೂವರ ಕೆಲಸವೂ ಒಂದರ ಮೇಲೊಂದು ಹಾಗೇ ಕಾಣುತ್ತದೆ. ಜೌಡರ್‌ಕೆರ್ಕ್‌ನ ಗೋಪುರ ಇದಕ್ಕೆ ತುಂಬಾ ಚೆನ್ನಾದ ಉದಾಹರಣೆ. ಲಂಡನ್ನಿನಲ್ಲಿ ಕ್ರಿಸ್ಟೋಫರ್ ರೆನ್ ಕಟ್ಟಿದ ಚರ್ಚುಗಳ ಗೋಪುರಗಳಿಗೂ ಇದೇ ಸ್ಫೂರ್ತಿ ಅಂತ ಹೇಳುವವರಿದ್ದಾರೆ. ವೆಸ್ಟರ್‌ಕೆರ್ಕ್‌ನದು ಸುಮಾರು 85 ಮೀಟರ್ ಎತ್ತರ, ತುದಿಯಲ್ಲಿ ಚಕ್ರವರ್ತಿಯ ಕಿರೀಟ. ಅದನ್ನು ತಮ್ಮ ಲಾಂಛನದಲ್ಲಿ ಹಾಕಿಕೊಳ್ಳುವ ಹಕ್ಕನ್ನು 1489ರಲ್ಲಿ, ಮುಂದೆ ಚಕ್ರವರ್ತಿಯಾದ ಮ್ಯಾಕ್ಸಿಮಿಲಿಯನ್ ಊರಿಗೆ ಕೊಟ್ಟಿದ್ದ. ಆದರೆ ಆ ಗೋಪುರದ ಮೇಲ್ಭಾಗ ಡೆ ಕೈಸರ್ ಬರೆದ ಹಾಗೇ ಬರಲಿಲ್ಲ. ಅವನು ಸತ್ತು ಹದಿನೇಳು ವರ್ಷದ ಮೇಲೆ ಮುಗಿದದ್ದು ತಾನೇ.

ಟೀಚರ್_ಧಾರವಾಡ ಬರೆದದ್ದು

ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಲ್ಲರೂ! ಸೊಸೆಗೆ ಓದಿ ಹೇಳಿದೆ, ಅವಳೂ ಜೊತೆಗೆ ಬರುತ್ತೇನೆ ಅಂದಳು.

ಕಾರ್ಕಳದ ತಮ್ಮಾ, ನೀವು ಮೊದಲೇ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬರಲಿಲ್ಲ. ಮೂರ್ತಿ ಬೇಡವೆಂದ ಚರ್ಚಿಗೆ ಇಪ್ಪತ್ತು ವರ್ಷ ದುಡಿದ ಈ ಮನುಷ್ಯನ ಶಿಲ್ಪದ ಕೈ ಎಲ್ಲಿಗೆ ಹೋಯಿತು?

ಕಾರ್ಕಳದ_ಉಳಿ ಬರೆದದ್ದು

ಮೇಡಂ, ಸಾಕಷ್ಟು ಕೆಲಸ ಇತ್ತು ಅವನಿಗೆ. ಸಂತರ ಬದಲು ಊರು ಬಂತು, ದೇಶ ಬಂತು, ವಿದ್ವಾಂಸ ಬಂದ.

ಊರಿನ ಕೆಲಸ ಮೊದಲು. 1608ರಿಂದ 1611ರವರೆಗೆ ಆಮ್‌ಸ್ಟರ್‌ಡ್ಯಾಮ್‌ನ ರೋಕಿನ್‌ನಲ್ಲಿ ನೀರಿನ ಮೇಲೆಯೇ ವ್ಯಾಪಾರಿಗಳ ವಿನಿಮಯ ಕಟ್ಟೆ ಕಟ್ಟಿದ. ಅದಕ್ಕೆ ಮುಂಚೆ 1607ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿನ ರಾಯಲ್ ಎಕ್ಸ್‌ಚೇಂಜ್ ನೋಡಿ ಬಂದಿದ್ದ. ನಮ್ಮ ಕರಾವಳಿಗೂ ಬಂದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳು ಕೈ ಬದಲಾಗುತ್ತಿದ್ದದ್ದು ಅದೇ ಕಟ್ಟೆಯಲ್ಲಿ. 19ನೇ ಶತಮಾನದಲ್ಲಿ ಅದನ್ನು ಕೆಡವಿದರು, ಈಗ ಚಿತ್ರಗಳಲ್ಲಿ ಮಾತ್ರ ಉಂಟು. ಲಂಡನ್ನಿನ ಆ ಪ್ರಯಾಣದಿಂದ ಇನ್ನೊಂದು ಲಾಭವಾಯಿತು. ನಿಕೋಲಸ್ ಸ್ಟೋನ್ ಎಂಬ ಇಂಗ್ಲಿಷ್ ಹುಡುಗ ಅವನ ಹತ್ತಿರ ಕೆಲಸಕ್ಕೆ ಬಂದ. ಮುಂದೆ ಡೆ ಕೈಸರ್‌ನ ಅಳಿಯನಾದ. ಊರಿಗೆ ಮರಳಿ ಅಲ್ಲಿನ ರಾಜನ ಕಟ್ಟಡಗಳ ಮುಖ್ಯ ಕಲ್ಲುಕುಟಿಗನಾದ. ಕಸುಬಿನ ಮನೆಗಳಲ್ಲಿ ವಿದ್ಯೆ ಹೀಗೇ ಹರಡುವುದು. ಅವನ ಮಕ್ಕಳೂ ಕಸುಬು ಬಿಡಲಿಲ್ಲ. ಪೀಟರ್, ವಿಲ್ಲೆಮ್ ಕಲ್ಲಿಗೆ ಕೂತರು. ಥಾಮಸ್ ಚಿತ್ರಕಾರನಾಗಿ ಹೆಸರು ಮಾಡಿದ, ಆದರೆ ಅವನೂ ಕೊನೆಗೆ ನಗರದ ಕಟ್ಟಡದ ಕೆಲಸಕ್ಕೇ ಬಂದ.

ಈಗ ದೇಶದ ಕೆಲಸ. ಇದಕ್ಕೆ ನೀವು ಡೆಲ್ಫ್ಟ್‌ಗೆ ಹೋಗಲೇಬೇಕು. ಸ್ಪೇನಿನ ವಿರುದ್ಧ ಡಚ್ಚರ ದಂಗೆಯನ್ನು ಮುನ್ನಡೆಸಿದ ವಿಲಿಯಂನನ್ನು 1584ರಲ್ಲಿ ಡೆಲ್ಫ್ಟ್‌ನಲ್ಲಿ ಗುಂಡಿಟ್ಟು ಕೊಂದರು. ಮೂವತ್ತು ವರ್ಷದ ನಂತರ, 1614ರಲ್ಲಿ, ಅವನ ಸಮಾಧಿಯ ಕೆಲಸ ಡೆ ಕೈಸರ್‌ಗೆ ಬಂತು. ಅದನ್ನು ಕಟ್ಟಿದ ಜಾಗ ಗಮನಿಸಿ. ಅಲ್ಲಿನ ನ್ಯೂವೆ ಕೆರ್ಕ್‌ನಲ್ಲಿ ಮೊದಲು ಮುಖ್ಯ ಬಲಿಪೀಠ ಇದ್ದ ಸ್ಥಳವೇ ಅದು. ಬಲಿಪೀಠ ಹೋಗಿ ಖಾಲಿ ಉಳಿದಿದ್ದ ಜಾಗದಲ್ಲಿ ಶಿಲ್ಪ ಮತ್ತೆ ಬಂದು ಕೂತಿತು. ಈ ಸಲ ದೇಶವನ್ನು ಕಟ್ಟಿದವನ ರೂಪದಲ್ಲಿ.

ವಿಲಿಯಂನ ಮೂರ್ತಿ ಅಲ್ಲಿ ಎರಡಿವೆ. ಒಂದು ಬಿಳಿ ಅಮೃತಶಿಲೆಯದು, ಮಲಗಿದ ಭಂಗಿ, ಪಾದದ ಬಳಿ ಅವನ ನಾಯಿ. ಇನ್ನೊಂದು ಕಂಚಿನದು, ಕವಚ ತೊಟ್ಟು ಕೂತದ್ದು. ನಾಲ್ಕು ಮೂಲೆಗೆ ಸ್ವಾತಂತ್ರ್ಯ, ನ್ಯಾಯ, ಧರ್ಮ, ಧೈರ್ಯ ಇವುಗಳ ಕಂಚಿನ ಹೆಣ್ಣುರೂಪಗಳು. ಸ್ವಾತಂತ್ರ್ಯದ ಕೈಯಲ್ಲಿ ಒಂದು ಟೋಪಿ ಇದೆ. ಮಲಗಿದವನ ಪಾದದ ಹಿಂದೆ ತುತ್ತೂರಿ ಹಿಡಿದ ಕೀರ್ತಿದೇವತೆ ಒಂದೇ ಕಾಲಿನ ತುದಿಯ ಮೇಲೆ ನಿಂತಿದ್ದಾಳೆ. ಕಂಚಿನಲ್ಲಿ ಅಷ್ಟು ಭಾರವನ್ನು ಕಾಲ್ಬೆರಳ ಮೇಲೆ ನಿಲ್ಲಿಸುವುದು ಸಣ್ಣ ಮಾತಲ್ಲ. ನಾನು ಅದರ ಮುಂದೆ ನಿಂತು ಅಪ್ಪನಿಗೆ ವೀಡಿಯೊ ಕಾಲ್ ಮಾಡಿದ್ದೆ. ಅಪ್ಪ ದೇವತೆಯ ಮುಖ ನೋಡಲಿಲ್ಲ. ಕಾಲ ಬಳಿಗೆ ತಾ, ಇನ್ನೂ ಹತ್ತಿರ ತಾ ಅಂದರು. ನೋಡಿ ನೋಡಿ, "ಇವನಿಗೆ ತೂಕ ಗೊತ್ತುಂಟು ಮಾರಾಯ" ಅಂದರು.

ಈ ಸಮಾಧಿಯೂ ಮುಗಿಯುವ ಮೊದಲೇ ಅವನು ಹೋದ. ಮುಗಿಸಿದವನು ಪೀಟರ್.

ಡೆಲ್ಫ್ಟ್_ಕಟ್ಟೆ ಬರೆದದ್ದು

ಡೆಲ್ಫ್ಟ್‌ಗೆ ಬಂದರೆ ನನಗೆ ತಿಳಿಸಿ ಮೇಡಂ, ನಾನೇ ಜೊತೆಗೆ ಬರುತ್ತೇನೆ. ಸಮಾಧಿ ಇರುವ ಚರ್ಚಿನ ಬಾಗಿಲಿಗೆ ನಿಂತರೆ ಮಾರುಕಟ್ಟೆ ಚೌಕದ ಎದುರು ತುದಿಯಲ್ಲಿ ಪುರಭವನ ಕಾಣುತ್ತದೆ. ಅದೂ ಡೆ ಕೈಸರ್‌ದೇ. ಹಳೆಯದು 1618ರಲ್ಲಿ ಸುಟ್ಟುಹೋಯಿತು. ಉಳಿದ ಹಳೆಯ ಕಲ್ಲಿನ ಗೋಪುರವನ್ನು ಹಾಗೇ ಇಟ್ಟುಕೊಂಡು ಸುತ್ತ ಹೊಸದು ಕಟ್ಟಿದ. ನಡೆಯುವುದು ಒಂದು ಚೌಕದಷ್ಟೇ.

ಅಣ್ಣ ವಿದ್ವಾಂಸ ಅಂದದ್ದು ಎರಾಸ್ಮಸ್‌ನ ಮೂರ್ತಿ. ರೋಟರ್‌ಡ್ಯಾಮ್‌ನಲ್ಲಿ ಲಾರೆನ್ಸ್ ಚರ್ಚಿನ ಎದುರು ಇದೆ, ಕಂಚಿನದು, 1622ರದು. ಪುಸ್ತಕ ಹಿಡಿದು ನಿಂತಿದ್ದಾನೆ, ಹಾಳೆ ತಿರುಗಿಸುವಂತಿದೆ. ಚರ್ಚಿನ ಗಂಟೆ ಹೊಡೆಯುವುದು ಕೇಳಿಸಿದರೆ ಅವನು ಹಾಳೆ ಮಗುಚುತ್ತಾನೆ ಅಂತ ಊರಿನವರ ಮಾತು. 1940ರಲ್ಲಿ ಬಾಂಬು ಬಿದ್ದು ರೋಟರ್‌ಡ್ಯಾಮ್‌ನ ನಡುಭಾಗವೇ ನಾಶವಾಯಿತು, ಇವನು ಉಳಿದ. ಯುದ್ಧ ಮುಗಿಯುವವರೆಗೆ ಮಣ್ಣಿನಲ್ಲಿ ಹೂತಿಟ್ಟು ಕಾಪಾಡಿದರು. ಡೆಲ್ಫ್ಟ್‌ನಿಂದ ರೋಟರ್‌ಡ್ಯಾಮ್ ರೈಲಿನಲ್ಲಿ ಕಾಲುಗಂಟೆ.

ಮಂಗಳೂರು_ಕ್ವಾಯರ್ ಬರೆದದ್ದು

ಜೌಡರ್‌ಕೆರ್ಕ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಡೆ ಕೈಸರ್‌ನನ್ನು ಹೂತದ್ದು ಅಲ್ಲೇ, ತಾನೇ ಕಟ್ಟಿದ ಚರ್ಚಿನಲ್ಲಿ. ರೆಂಬ್ರಾಂಟ್‌ನ ಮೂರು ಎಳೆ ಮಕ್ಕಳ ಗೋರಿಯೂ ಅಲ್ಲೇ. 1929ರ ನಂತರ ಅಲ್ಲಿ ಪ್ರಾರ್ಥನೆ ನಿಂತಿತು. 1944-45ರ ಚಳಿಗಾಲದಲ್ಲಿ ಹಸಿವಿನಿಂದ ಜನ ಸಾಯುತ್ತಿದ್ದಾಗ ಹೂಳಲು ಆಗದ ಹೆಣಗಳನ್ನು ಅದರೊಳಗೆ ಇಡುತ್ತಿದ್ದರು. ಈಗ ಅದು ಸಭೆ ಸಮಾರಂಭಗಳ ಜಾಗ, ಒಳಗೆ ಬಿಡುತ್ತಾರೋ ಇಲ್ಲವೋ ಆ ದಿನದ ಮೇಲೆ. ಬಿಡದಿದ್ದರೆ ಬೇಸರ ಬೇಡ. ಪಕ್ಕದ ಖ್ರೂನ್‌ಬರ್ಗ್‌ವಾಲ್ ಎಂಬ ಕಾಲುವೆಯ ಸೇತುವೆಯಿಂದ ಗೋಪುರ ಪೂರ್ತಿ ಕಾಣುತ್ತದೆ. ಫ್ರೆಂಚ್ ಚಿತ್ರಕಾರ ಮೊನೆ (Monet) ಈ ಚರ್ಚಿನ ಚಿತ್ರ ಬರೆದದ್ದು ಆ ಕಾಲುವೆಯಿಂದಲೇ. ಸ್ಮಶಾನದ ಹಳೆಯ ಹೆಬ್ಬಾಗಿಲಿನ ಮೇಲೆ ತಲೆಬುರುಡೆಗಳ ಕೆತ್ತನೆ ಇದೆ, ಅದನ್ನೂ ನೋಡಿ.

ಕಾರ್ಕಳದ_ಉಳಿ ಬರೆದದ್ದು

ಮೊಣಕಾಲಿಗೆ ತಕ್ಕ ದಾರಿ ಕೇಳಿದ್ದಿರಲ್ಲ ಮೇಡಂ, ಹೀಗೆ ಮಾಡಿ. ಮೆಟ್ರೊದಲ್ಲಿ ನ್ಯೂಮಾರ್ಕ್ಟ್ ನಿಲ್ದಾಣಕ್ಕೆ ಬನ್ನಿ, ಜೌಡರ್‌ಕೆರ್ಕ್ ಅಲ್ಲೇ ಹತ್ತಿರ. ಅದನ್ನು ಹೊರಗಿನಿಂದ ನೋಡಿ. ಇನ್ನೊಂದು ದಿನ ಟ್ರ್ಯಾಮ್ 13 ಅಥವಾ 17 ಹತ್ತಿ ವೆಸ್ಟರ್‌ಮಾರ್ಕ್ಟ್‌ನಲ್ಲಿ ಇಳಿಯಿರಿ, ಎದುರಿಗೇ ವೆಸ್ಟರ್‌ಕೆರ್ಕ್. ಅಲ್ಲಿಂದ ಪ್ರಿನ್ಸೆನ್‌ಖ್ರಾಖ್ಟ್ ಕಾಲುವೆಯ ದಂಡೆಯಲ್ಲೇ ಉತ್ತರಕ್ಕೆ ನಿಧಾನವಾಗಿ ನಡೆದರೆ ನೋರ್ಡರ್‌ಕೆರ್ಕ್. ದಾರಿ ಸಮತಟ್ಟು, ಆಯಾಸವಾದರೆ ಕೂರಲು ಕೆಫೆಗಳಿವೆ. ಸೈಕಲ್ಲಿನವರ ಬಗ್ಗೆ ಎಚ್ಚರ.

ಶನಿವಾರ ನೋರ್ಡರ್‌ಕೆರ್ಕ್‌ನ ಸುತ್ತ ರೈತರ ಸಂತೆ ಇರುತ್ತದೆ, ಚೆನ್ನಾಗಿರುತ್ತದೆ, ಆದರೆ ನೂಕುನುಗ್ಗಲು. ಅಲ್ಲಿ ಈಗಲೂ ಭಾನುವಾರ ಪ್ರಾರ್ಥನೆ ನಡೆಯುತ್ತದೆ. ನಿಮಗೆ ಅಭ್ಯಂತರವಿಲ್ಲದಿದ್ದರೆ ಭಾನುವಾರವೇ ಹೋಗಿ, ಸುಮ್ನೆ ಒಂದು ಬದಿಗೆ ಕೂತು ಬೋಧನೆ ಮುಗಿಯುವವರೆಗೆ ಕೇಳಿ. ಡಚ್ ಬರದಿದ್ದರೂ ಪರವಾಗಿಲ್ಲ. ಹೊರಗೆ ಬಂದ ಮೇಲೆ ಗೋಡೆಯಲ್ಲಿ ಪುಟ್ಟ ಫಲಕವೊಂದನ್ನು ಹುಡುಕಿ. 1941ರ ಫೆಬ್ರವರಿಯಲ್ಲಿ ಯಹೂದಿಗಳ ಬಂಧನವನ್ನು ವಿರೋಧಿಸಿ ಊರಿನ ಕೆಲಸಗಾರರು ಮುಷ್ಕರಕ್ಕೆ ತೀರ್ಮಾನ ಮಾಡಿದ ಸಭೆ ಆ ಚರ್ಚಿನ ಮುಂದಿನ ಚೌಕದಲ್ಲೇ ನಡೆದದ್ದು.

ಮೇ ತಿಂಗಳಲ್ಲೂ ಸಂಜೆ ಗಾಳಿ ತಣ್ಣಗಿರುತ್ತದೆ, ಸ್ವೆಟರ್ ಮರೆಯಬೇಡಿ. ಬಂದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ, ಭಾನುವಾರ ನಾನೂ ಹಾರ್ಲೆಮ್‌ನಿಂದ ಬರುತ್ತೇನೆ.